ಮೆಣಸಿನಕಾಯಿ ಬೆಳೆಯುವ ಭಾವನವರಿಗೆ ಯಾವ ಹಾಟ್ ಸಾಸ್?

ಖಾರಪ್ರಿಯರಿಗೆ ಹಾಟ್ ಸಾಸ್ ಉಡುಗೊರೆ ಕೊಡುವುದಾದರೆ ನನ್ನ ಆಯ್ಕೆ ಈಶಾನ್ಯ ರಾಜ್ಯಗಳ ಭೂತ್ ಜೊಲೋಕಿಯಾ ಮೆಣಸಿನಕಾಯಿಯ ಸಾಸ್. ಕುರುಗೋಡು ಭಾಗದಲ್ಲಿ ಕಾಲುವೆ ನೀರಿಗೆ ಬ್ಯಾಡಗಿ ಬೆಳೆಯುವ, ಊರೂರಿನ ಖಾರಗಳನ್ನು ತರಿಸಿ ಸವಿಯುವ ನಮ್ಮ ಭಾವನವರಿಗಾಗಿ ಹಲವು ಸಾಸ್‌ಗಳನ್ನು ಕೊಂಡು, ಜೋಳದ ರೊಟ್ಟಿ, ಒಗ್ಗರಣೆ ಮಂಡಕ್ಕಿ, ಮೊಸರನ್ನಗಳ ಜೊತೆ ರುಚಿ ನೋಡಿದ ಮೇಲೆ ಈ ಮಾತು ಹೇಳುತ್ತಿದ್ದೇನೆ.

ಹೊಲದಲ್ಲೇ ಮೆಣಸಿನಕಾಯಿ ಇರುವವರಿಗೆ ಬರಿಯ ಖಾರ ಉಡುಗೊರೆಯಾಗುವುದಿಲ್ಲ. ಬಣ್ಣಕ್ಕೆ ಹೆಸರಾದ ಬ್ಯಾಡಗಿ, ಖಾರಕ್ಕೆ ಹೆಸರಾದ ಗುಂಟೂರು ಎರಡೂ ಕ್ಯಾಪ್ಸಿಕಂ ಆನ್ಯುಮ್ ಎಂಬ ಒಂದೇ ಪ್ರಭೇದಕ್ಕೆ ಸೇರಿದವು. ಭೂತ್ ಜೊಲೋಕಿಯಾ ಕ್ಯಾಪ್ಸಿಕಂ ಚೈನೆನ್ಸ್ ಬಳಗದ್ದು. ಅದರಲ್ಲಿರುವ ಮಾಗಿದ ಹಣ್ಣಿನಂಥ ಪರಿಮಳ ನಮ್ಮ ಭಾಗದ ಯಾವ ಕಾಯಿಯಲ್ಲೂ ಇಲ್ಲ. ಖಾರವೂ ಕೂಡಲೇ ನಾಲಿಗೆಯನ್ನು ಹಿಡಿಯದೆ, ತುಸು ತಡೆದು ಗಂಟಲಿನಿಂದ ಮೇಲೇರುತ್ತದೆ. 2007ರಲ್ಲಿ ಖಾರ ಅಳೆಯುವ ಸ್ಕೋವಿಲ್ ಮಾನದಲ್ಲಿ ಹತ್ತು ಲಕ್ಷ ದಾಟಿ ಗಿನ್ನೆಸ್ ದಾಖಲೆ ಸೇರಿದ ಕಾಯಿ ಇದು. ಸಾಸ್‌ನಲ್ಲಿ ಬೇರೆ ಪದಾರ್ಥಗಳೂ ಬೆರೆಯುವುದರಿಂದ ಅಷ್ಟು ಉಗ್ರವಾಗಿರುವುದಿಲ್ಲ.

ಟಬಾಸ್ಕೊ ಬಗ್ಗೆ ನನಗೆ ಗೌರವವಿದೆ. ಅಮೆರಿಕದ ಲೂಸಿಯಾನಾ ರಾಜ್ಯದ ಏವರಿ ದ್ವೀಪದಲ್ಲಿ 1868ರಿಂದ ತಯಾರಾಗುವ ಈ ಸಾಸ್‌ಗೆ ಮೆಣಸಿನಕಾಯಿ, ಉಪ್ಪು, ವಿನೆಗರ್ ಬಿಟ್ಟರೆ ಬೇರೇನೂ ಬೇಕಿಲ್ಲ. ಅರೆದ ಕಾಯಿಯನ್ನು ಓಕ್ ಮರದ ಪೀಪಾಯಿಗಳಲ್ಲಿ ಮೂರು ವರ್ಷಗಳವರೆಗೂ ಮಾಗಿಸುತ್ತಾರೆ. ಬೇಯಿಸಿದ ಮೊಟ್ಟೆಗೆ ಇದಕ್ಕಿಂತ ಒಳ್ಳೆಯ ಜೋಡಿ ನನಗೆ ಸಿಕ್ಕಿಲ್ಲ. ಆದರೆ ಮಿರ್ಚಿ ಭಜಿಯ ಜೊತೆಗೂ ಖಾರ ಕೇಳುವ ಮನೆಯಲ್ಲಿ ಇದರ ಹುಳಿಯೇ ಮುಂದಾಗಿ, ಖಾರ ಹಿಂದೆ ಉಳಿಯುತ್ತದೆ.

ಥಾಯ್ಲೆಂಡ್ ಮೂಲದ ಶ್ರೀರಾಚಾ ಸಾಸ್ ಸಿಹಿಯಾದ್ದರಿಂದ ಕೈಬಿಟ್ಟೆ.

ತಲೆಬುರುಡೆಯ ಚಿತ್ರ ಹೊತ್ತು, ಲಕ್ಷಗಟ್ಟಲೆ ಸ್ಕೋವಿಲ್ ಸಂಖ್ಯೆಯನ್ನು ದಪ್ಪ ಅಕ್ಷರದಲ್ಲಿ ಸಾರುವ ಸಾಸ್‌ಗಳನ್ನು ಯಾರಿಗೂ ಕೊಡಬೇಡಿ. ಕಾಯಿಯಿಂದ ಬೇರ್ಪಡಿಸಿದ ಖಾರದ ಸಾರವನ್ನು ಬೆರೆಸಿ ಮಾಡಿದ ಇವು ಕಹಿಯಾಗಿದ್ದು, ಔಷಧಿಯ ವಾಸನೆ ಬೀರುತ್ತವೆ.

ನನ್ನನ್ನು ಬಹಳ ಸತಾಯಿಸಿದ್ದು ಸಣ್ಣ ತಯಾರಕರೊಬ್ಬರ ಹುದುಗಿಸಿದ ಸಾಸ್. ಹಣ್ಣುಮೆಣಸಿನಕಾಯಿ ಮತ್ತು ಬೆಳ್ಳುಳ್ಳಿಯನ್ನು ಹುದುಗಿಸಿ, ಕಾಯಿಸದೆ ಹಾಗೆಯೇ ತುಂಬಿದ ಸಾಸ್ ಅದು; ರುಚಿಯಲ್ಲಿ ಒಂದಿಷ್ಟೂ ಕೊರತೆಯಿರಲಿಲ್ಲ. ಬಳ್ಳಾರಿಯ ಬಿಸಿಲು ನಲವತ್ತು ಡಿಗ್ರಿ ದಾಟಿದ್ದ ದಿನಗಳಲ್ಲಿ ಸಾಮಾನ್ಯ ಕೊರಿಯರ್‌ನಲ್ಲಿ ಬಂದ ಆ ಬಾಟಲಿಯ ಮುಚ್ಚಳ ಉಬ್ಬಿ, ಸಾಸ್ ಸೋರಿ ಚೀಟಿಯೆಲ್ಲ ನೆನೆದು ಹೋಗಿತ್ತು. ಮುಚ್ಚಳ ತಿರುಗಿಸಿದಾಗ ಒಳಗಿದ್ದುದು ಬುಸ್ಸೆಂದು ಉಕ್ಕಿ ಮೇಜಿನ ಮೇಲೆ ಹರಿಯಿತು.

ತಯಾರಕರನ್ನು ವಿಚಾರಿಸಿದರೆ, ಸಾಸ್ ಕೆಟ್ಟಿಲ್ಲ, ಹುದುಗು ಇನ್ನೂ ಜೀವಂತವಾಗಿದೆ ಎಂದರು. ಅದು ಆಗಬಹುದಾದದ್ದೇ. ಹುದುಗಿಸುವ ಸೂಕ್ಷ್ಮಜೀವಿಗಳು ಸಕ್ಕರೆಯ ಅಂಶವನ್ನು ಅರಗಿಸಿಕೊಳ್ಳುವಾಗ ಆಮ್ಲದ ಜೊತೆಗೆ ಇಂಗಾಲದ ಡೈಆಕ್ಸೈಡನ್ನೂ ಬಿಡುಗಡೆ ಮಾಡಬಲ್ಲವು; ತಂಪಿನಲ್ಲಿ ಮಂದವಾಗುವ ಈ ಕೆಲಸ ಸೆಕೆಯಲ್ಲಿ ವೇಗ ಪಡೆಯುತ್ತದೆ. ಹಾಗಿದ್ದ ಮೇಲೆ ಫ್ರಿಜ್‌ನಲ್ಲಿಡಿ ಎಂದು ಸಣ್ಣ ಅಕ್ಷರದಲ್ಲಿ ಮುದ್ರಿಸಿ, ಬೇಸಿಗೆಯಲ್ಲಿ ಬಯಲುಸೀಮೆಗೆ ತಂಪಿನ ವ್ಯವಸ್ಥೆಯಿಲ್ಲದೆ ಕಳಿಸುವುದು ಸರಿಯೇ? ಬದಲಿಗೆ ಕಳಿಸಿಕೊಟ್ಟ ಬಾಟಲಿಯ ಮುಚ್ಚಳದ ಸುತ್ತಲೂ ಸಾಸ್ ಜಿನುಗಿತ್ತು. ನಾನೇ ಇಟ್ಟುಕೊಂಡು ತಿನ್ನುವುದಾದರೆ ಒರೆಸಿ ಬಳಸಬಹುದು, ಬಣ್ಣದ ಕಾಗದ ಸುತ್ತಿ ಇನ್ನೊಬ್ಬರ ಕೈಗೆ ಕೊಡುವಂತಿಲ್ಲ.

ಹಣ್ಣುಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು, ನಿಂಬೆರಸ ಹಾಕಿ ಅರೆಯುವ ರಂಜಕದಲ್ಲಿ ಹೆಚ್ಚುಕಡಿಮೆ ಇದೇ ರುಚಿ ನಮ್ಮ ಮನೆಗಳಲ್ಲೇ ಸಿಗುತ್ತದೆ. ಅದಕ್ಕಾಗಿ ಕೊರಿಯರ್ ಕಾಯುವ ಅಗತ್ಯ ನನಗೆ ಕಾಣಲಿಲ್ಲ.

ನಾನು ಇಂಥ ಉಡುಗೊರೆಗೆ ಐನೂರು ರೂಪಾಯಿಗಿಂತ ಹೆಚ್ಚು ಖರ್ಚು ಮಾಡುವುದಿಲ್ಲ, ಬಸ್ಸಿನಲ್ಲಿ ಚೀಲದೊಳಗಿಟ್ಟು ಒಯ್ಯುವುದೇ ರೂಢಿ. ಆ ಮೊತ್ತದೊಳಗೆ ಸಿಕ್ಕ ಭೂತ್ ಜೊಲೋಕಿಯಾ ಸಾಸ್ ಸೋರದೆ ಕುರುಗೋಡು ತಲುಪಿತು. ಕೊಳ್ಳುವಾಗ ಪದಾರ್ಥಗಳ ಪಟ್ಟಿಯಲ್ಲಿ ಮೆಣಸಿನಕಾಯಿಯೇ ಮೊದಲಿದೆಯೇ ಎಂದು ನೋಡಿ. ನೀರು, ಸಕ್ಕರೆ ಮೊದಲಿದ್ದರೆ ಬಿಟ್ಟುಬಿಡಿ. ಕೊಡುವಾಗ, ಮೊದಲ ಸಲ ಒಂದೇ ಹನಿಯನ್ನು ಮೊಸರನ್ನಕ್ಕೆ ಕಲಸಿಕೊಳ್ಳಲು ಹೇಳಿ. ಖಾರದ ಮೂಲವಾದ ಕ್ಯಾಪ್ಸೈಸಿನ್ ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ. ಹಾಲು ಮೊಸರುಗಳ ಕೊಬ್ಬು ಮತ್ತು ಪ್ರೋಟೀನು ಅದರ ಉರಿಯನ್ನು ತಗ್ಗಿಸುವುದರಿಂದ ಪರಿಮಳ ಚೆನ್ನಾಗಿ ತಿಳಿಯುತ್ತದೆ.