ಲೀನ್ ಬೇಕಾ, ತುಂಬಿದ ಗೋದಾಮು ಬೇಕಾ?

ಗೋದಾಮು ತುಂಬಿದ್ದರೆ ಧೈರ್ಯ ಬರುತ್ತದೆ, ನಿಜ. ಆದರೆ ಅಲ್ಲಿ ಕೂತಿರುವುದು ಬರೀ ಸರಕಲ್ಲ, ನಿಮ್ಮ ದುಡ್ಡು. ಬಾಡಿಗೆ, ವಿಮೆ, ಹಳತಾಗಿ ಹಾಳಾಗುವ ಮಾಲು, ಎಲ್ಲದರ ಖರ್ಚೂ ನಿಮ್ಮದೇ.

ಲೀನ್, ಅಂದರೆ ಬೇಕಾದಾಗ ಬೇಕಾದಷ್ಟನ್ನೇ ತರಿಸಿ ತಯಾರಿಸುವ ಪದ್ಧತಿ, ಇದಕ್ಕೆ ಉಲ್ಟಾ. ಟೊಯೋಟಾದ ತೈಇಚಿ ಓನೊ ಗುರುತಿಸಿದ 7 ಬಗೆಯ ವ್ಯರ್ಥಗಳಲ್ಲಿ ಜಾಸ್ತಿ ದಾಸ್ತಾನೂ ಒಂದು. ಇಲ್ಲಿ ಮುಂದಿನ ಹಂತ ಕೇಳಿದಾಗಷ್ಟೇ ಹಿಂದಿನ ಹಂತ ಮಾಲು ಕಳಿಸುತ್ತದೆ. ದಾಸ್ತಾನು ಕಡಿಮೆ ಇರುವುದರಿಂದ ತಪ್ಪುಗಳು ಬೇಗ ಕಣ್ಣಿಗೆ ಬೀಳುತ್ತವೆ. ನನ್ನ ಪ್ರಕಾರ ದುಡ್ಡಿನ ಉಳಿತಾಯಕ್ಕಿಂತ ಇದೇ ದೊಡ್ಡ ಲಾಭ. ತುಂಬಿದ ಗೋದಾಮಿನಲ್ಲಿ ಕೆಟ್ಟ ಬಿಡಿಭಾಗ ತಿಂಗಳುಗಟ್ಟಲೆ ಸುಮ್ನೆ ಮಲಗಿರಬಹುದು, ಅಲ್ವಾ?

ಅಪಾಯ? ಇದೆ. 1997ರಲ್ಲಿ ಟೊಯೋಟಾಕ್ಕೆ ಬಿಡಿಭಾಗ ಪೂರೈಸುವ ಐಸಿನ್ ಕಂಪನಿಯ ಕಾರ್ಖಾನೆಗೆ ಬೆಂಕಿ ಬಿತ್ತು. ಬ್ರೇಕಿನ ಒಂದು ಸಣ್ಣ ವಾಲ್ವ್ ಸಿಗದೆ ಜಪಾನಿನಲ್ಲಿ ಟೊಯೋಟಾದ ಕಾರು ತಯಾರಿಕೆ ಬಹುಪಾಲು ಕೆಲವು ದಿನ ನಿಂತೇಹೋಯಿತು. 2011ರ ಭೂಕಂಪದ ಬಳಿಕ ಅದೇ ಟೊಯೋಟಾ, ತಿಂಗಳುಗಳಿಗಾಗುವಷ್ಟು ಚಿಪ್ ಇಟ್ಟುಕೊಳ್ಳಿ ಎಂದು ಪೂರೈಕೆದಾರರಿಗೆ ಹೇಳಿತು!

ಬೇಡಿಕೆ ಸ್ಥಿರವಾಗಿದ್ದು, ಪೂರೈಕೆದಾರರು ಹತ್ತಿರವಿದ್ದರೆ ಲೀನ್ ಆರಿಸಿ. ದೂರದ ಒಂದೇ ಕಡೆಯಿಂದ ಬರುವ ಭಾಗವಿದ್ದರೆ, ಅದನ್ನು ಮಾತ್ರ ಜಾಸ್ತಿ ಇಟ್ಟುಕೊಳ್ಳಿ.