ಎರಡೂ ಕೈಗೆ ಕೆಲಸ ಕೊಡುವ ಟೆಲಿರೋಬಾಕ್ಸರ್: ವರ್ಷಗಳ ಬಳಕೆಯ ನಂತರ

ವರ್ಚುವಲ್ ಬಾಯ್ ಎಂಬ, ಒಳಗೆ ಇಣುಕಿ 3ಡಿ ಚಿತ್ರ ನೋಡುತ್ತ ಆಡುವ ವಿಡಿಯೊ ಗೇಮ್ ಯಂತ್ರವನ್ನು ನಾನು ಇನ್ನೂ ಮಾರದೆ ಇಟ್ಟುಕೊಂಡಿರುವುದಕ್ಕೆ ಟೆಲಿರೋಬಾಕ್ಸರ್ ಎಂಬ ರೋಬೋಟ್ ಬಾಕ್ಸಿಂಗ್ ಆಟ ಒಂದೇ ಕಾರಣ. ಉಳಿದ ಆಟಗಳನ್ನು ವರ್ಷಕ್ಕೊಮ್ಮೆ ಧೂಳು ಒರೆಸಲು ಹೊರತೆಗೆದರೆ ಹೆಚ್ಚು. ಈ ಕಾರ್ಟ್ರಿಜ್ ಮಾತ್ರ ಯಂತ್ರದಿಂದ ಹೊರಗೆ ಬರುವುದೇ ಅಪರೂಪ.

ನಿಂಟೆಂಡೊ 1995ರ ಜುಲೈನಲ್ಲಿ ಜಪಾನಿನಲ್ಲೂ ಆಗಸ್ಟ್‌ನಲ್ಲಿ ಅಮೆರಿಕದಲ್ಲೂ ಈ ಯಂತ್ರವನ್ನು ಬಿಡುಗಡೆ ಮಾಡಿತು. ಅಮೆರಿಕದಲ್ಲಿ ಬೆಲೆ 179.95 ಡಾಲರ್. ವರ್ಷ ತುಂಬುವಷ್ಟರಲ್ಲಿ ಕಥೆ ಮುಗಿಯಿತು. ಎರಡೂ ದೇಶಗಳ ಲೆಕ್ಕ ಸೇರಿಸಿದರೂ ಬಂದದ್ದು 22 ಆಟಗಳು ಮಾತ್ರ. ಟೆಲಿರೋಬಾಕ್ಸರ್ ಮೊದಲ ದಿನವೇ ಬಂದ ಆಟಗಳಲ್ಲೊಂದು. ಇದರ ಹಿಂದಿದ್ದವರು ಗೆನ್ಯೊ ತಕೆಡಾ, 1984ರ ಪಂಚ್-ಔಟ್ ಎಂಬ, ನಾಣ್ಯ ಹಾಕಿ ಆಡುವ ಆರ್ಕೇಡ್ ಬಾಕ್ಸಿಂಗ್ ಆಟದ ಹಿಂದಿದ್ದವರೂ ಅವರೇ. ಅಲ್ಲಿ ನಿಮ್ಮ ಆಟಗಾರ ಬರಿಯ ಗೆರೆಗಳ ಆಕೃತಿಯಾಗಿ ಎದುರಿಗೆ ನಿಂತಿರುತ್ತಾನೆ, ಅವನ ಮೈಯ ಮೂಲಕವೇ ಎದುರಾಳಿಯನ್ನು ನೋಡಬೇಕು. ಇಲ್ಲಿ ಆ ಮಧ್ಯವರ್ತಿಯೂ ಇಲ್ಲ. ರೋಬೋಟಿನ ಕಣ್ಣೇ ನಿಮ್ಮ ಕಣ್ಣು. ಪರದೆಯ ಎರಡು ಅಂಚಿನಲ್ಲಿ ಕಾಣುವ ಮುಷ್ಟಿಗಳು ನಿಮ್ಮವು.

ಆಟದ ಜೀವ ಇರುವುದು ಕಂಟ್ರೋಲರ್‌ನಲ್ಲಿ. ವರ್ಚುವಲ್ ಬಾಯ್ ಕಂಟ್ರೋಲರ್‌ಗೆ ಎಡಕ್ಕೊಂದು, ಬಲಕ್ಕೊಂದು ಡಿ-ಪ್ಯಾಡ್ (ನಾಲ್ಕು ದಿಕ್ಕಿಗೂ ಒತ್ತಬಹುದಾದ ಗುಂಡಿ) ಇದೆ. ಅನೇಕ ಆಟಗಳಿಗೆ ಆ ಎರಡನೆಯದನ್ನು ಏನು ಮಾಡಬೇಕೆಂದೇ ತಿಳಿಯಲಿಲ್ಲ. ಟೆಲಿರೋಬಾಕ್ಸರ್ ಅದನ್ನು ಬಲಗೈಗೆ ವಹಿಸಿಕೊಟ್ಟಿತು. ತಡೆಯುವುದು, ಬಾಗುವುದು, ಮುಷ್ಟಿಯ ಎತ್ತರ ಬದಲಿಸುವುದು ಎಲ್ಲವೂ ಈ ಎರಡು ಹೆಬ್ಬೆರಳುಗಳ ಕೆಲಸ. ಹಿಂಬದಿಯ ಎಲ್ ಮತ್ತು ಆರ್ ಬಟನ್ ಒತ್ತಿದರೆ ಆಯಾ ಕೈ ಗುದ್ದುತ್ತದೆ. ಮೊದಮೊದಲು ಎರಡು ಕೈಗಳೂ ಒಂದೇ ಮಾತು ಕೇಳುತ್ತವೆ, ಎಡಗೈಯಲ್ಲಿ ತಡೆದು ಬಲಗೈಯಲ್ಲಿ ಹೊಡೆಯಿರಿ ಎಂದರೆ ಗೊಂದಲಕ್ಕೆ ಬೀಳುತ್ತವೆ. ತಬಲಾ ಕಲಿಯುವವರಿಗೆ ಈ ಕಷ್ಟ ಚೆನ್ನಾಗಿ ಗೊತ್ತು. ಅಭ್ಯಾಸವಾದ ಮೇಲೆ ಬೆರಳುಗಳ ನೆನಪೇ ಆಗುವುದಿಲ್ಲ, ಕೈಗಳಷ್ಟೇ ಇರುತ್ತವೆ.

ಎದುರಾಳಿಗಳು ಕರುಣೆಯಿಲ್ಲದವರು. ಮೊದಲು ಸಿಗುವ ಪಗೇರೊ ಸುಲಭದವನು ಎನ್ನುತ್ತಾರೆ, ಹೊಸಬರನ್ನು ಅವನೇ ನೆಲಕ್ಕೆ ಕೆಡವುತ್ತಾನೆ. ಸುಮ್ಮನೆ ಬಟನ್ ಕುಟ್ಟಿದರೆ ಗುದ್ದೆಲ್ಲ ಅವರ ತಡೆಗೆ ಬಡಿದು ವ್ಯರ್ಥವಾಗುತ್ತದೆ. ಅವರು ಹೊಡೆಯಲು ಕೈ ಹಿಂದಕ್ಕೆಳೆಯುವ ಕ್ಷಣವನ್ನು ಗುರುತಿಸಿ, ತಪ್ಪಿಸಿಕೊಂಡು, ತೆರೆದ ಜಾಗಕ್ಕೆ ಹೊಡೆಯಬೇಕು. ಆಳದ ಅನುಭವ ಬೇಕಾಗುವುದು ಇಲ್ಲಿಯೇ: ಮುಷ್ಟಿ ಇನ್ನೂ ದೂರದಲ್ಲಿದೆಯೋ ಮೂಗಿನ ಬಳಿಗೆ ಬಂದಿತೋ ಎಂಬುದನ್ನು ಕಣ್ಣು ನಿಜಕ್ಕೂ ಅಳೆಯುತ್ತದೆ. ಕಂಪ್ಯೂಟರಿನ ಚಪ್ಪಟೆ ಪರದೆಯ ಮೇಲೆ ಎಮ್ಯುಲೇಟರ್‌ನಲ್ಲಿ (ಹಳೆಯ ಯಂತ್ರವನ್ನು ಅನುಕರಿಸುವ ತಂತ್ರಾಂಶ) ಇದೇ ಆಟವನ್ನು ಆಡಿ ನೋಡಿದ್ದೇನೆ. ಅದೇ ಚಿತ್ರ, ಅದೇ ಸದ್ದು, ಆದರೆ ಸಮಯದ ಅಂದಾಜು ಕೈಕೊಡುತ್ತದೆ. ತಾಲೀಮಿಗೆಂದು ಒಬ್ಬ ಮೆತ್ತನೆಯ ಎದುರಾಳಿಯನ್ನಾದರೂ ಕೊಟ್ಟಿದ್ದರೆ ಈ ಆಟ ಇನ್ನಷ್ಟು ಜನರ ಕೈಯಲ್ಲಿ ಉಳಿಯುತ್ತಿತ್ತು ಎಂಬುದು ನನ್ನ ದೊಡ್ಡ ತಕರಾರು.

ಇನ್ನು ಕಣ್ಣು, ಕುತ್ತಿಗೆ. ಚಿತ್ರವೆಲ್ಲ ಕಪ್ಪಿನ ಮೇಲೆ ಕೆಂಪು. ಒಂದೊಂದು ಕಣ್ಣಿಗೂ 224 ಎಲ್‌ಇಡಿಗಳ ಒಂದು ಸಾಲು, ಎದುರಿಗೆ ಅತಿವೇಗವಾಗಿ ಅಲ್ಲಾಡುವ ಒಂದು ಕನ್ನಡಿ. ಆ ಸಾಲೇ ಹರಡಿಕೊಂಡು ಇಡೀ ಚಿತ್ರವಾಗುತ್ತದೆ. ಕಿವಿಗೊಟ್ಟರೆ ಕನ್ನಡಿಗಳ ಗುಂಯ್ ಸದ್ದು ಕೇಳಿಸುತ್ತದೆ. ಯಂತ್ರವನ್ನು ತಲೆಗೆ ಕಟ್ಟಿಕೊಳ್ಳಲು ಬರುವುದಿಲ್ಲ. ಎರಡು ಕಾಲಿನ ಸ್ಟ್ಯಾಂಡ್ ಮೇಲೆ ಮೇಜಿನಲ್ಲಿಟ್ಟು ಬಗ್ಗಿ ಇಣುಕಬೇಕು. ಕನ್ನಡಕದವರು ಮೂಗನ್ನು ಹಿಂಡಿಕೊಳ್ಳದೆ ಒಳಗೆ ನೋಡಲಾರರು. ಮೇಲ್ಗಡೆ ಇರುವ ಫೋಕಸ್ ಮತ್ತು ಕಣ್ಣುಗಳ ನಡುವಿನ ಅಂತರದ ಹೊಂದಾಣಿಕೆಗಳನ್ನು ಪ್ರತಿ ಬಾರಿಯೂ ಸರಿಪಡಿಸಿಕೊಳ್ಳಿ. ಸೋಮಾರಿತನ ಮಾಡಿದ ದಿನ ತಲೆನೋವು ಖಚಿತ. ಬಯಸಿದರೆ 15ರಿಂದ 30 ನಿಮಿಷಕ್ಕೊಮ್ಮೆ ಆಟ ತಾನೇ ನಿಂತು ವಿಶ್ರಾಂತಿ ಕೊಡುತ್ತದೆ. ಬೇರೆ ಆಟಗಳಲ್ಲಿ ಇದು ಕಿರಿಕಿರಿ. ಚಿಕ್ಕ ಚಿಕ್ಕ ಪಂದ್ಯಗಳ ಈ ಆಟಕ್ಕೆ ಮಾತ್ರ ಹೇಳಿ ಮಾಡಿಸಿದ ಹಾಗಿದೆ, ಅಷ್ಟು ಹೊತ್ತಿಗೆ ಹೆಬ್ಬೆರಳುಗಳೂ ಸೋತಿರುತ್ತವೆ.

ಆಗಿನ ಕಂಟ್ರೋಲರ್ ಬೆನ್ನಿಗೆ ಆರು ಎಎ ಬ್ಯಾಟರಿಗಳ ಪೆಟ್ಟಿಗೆ ಅಂಟಿಕೊಂಡಿರುತ್ತದೆ. ಭಾರ ಗೊತ್ತಾಗುತ್ತದೆ, ಹಿಡಿತವೇನೋ ಚೆನ್ನಾಗಿದೆ. ಅಡಾಪ್ಟರ್ ಸಿಕ್ಕರೆ ಬಿಡಬೇಡಿ.

ನಿಂಟೆಂಡೊ ವರ್ಚುವಲ್ ಬಾಯ್ ಆಟಗಳನ್ನು ತನ್ನ ಸ್ವಿಚ್ ಯಂತ್ರದ ಆನ್‌ಲೈನ್ ಚಂದಾದಾರರಿಗೆ ನೀಡುವುದಾಗಿ 2025ರಲ್ಲಿ ಪ್ರಕಟಿಸಿತು. ಟೆಲಿರೋಬಾಕ್ಸರ್ ಆ ಪಟ್ಟಿಯಲ್ಲಿದೆ, ಇಣುಕಿ ನೋಡುವ ಸಾಧನವನ್ನು ಬೇರೆಯಾಗಿ ಕೊಳ್ಳಬೇಕು. ಕುತೂಹಲ ಇದ್ದವರಿಗೆ ಅದೇ ಸಾಕು. ಹಳೆಯ ಯಂತ್ರವೇ ಬೇಕೆಂದು ಹಟ ಹಿಡಿದವರಿಗೆ ಒಂದು ಮಾತು: ಒಳಗಿನ ಎಲ್‌ಇಡಿ ಫಲಕಕ್ಕೆ ರಿಬ್ಬನ್ ಕೇಬಲ್ ಅಂಟಿಸಿರುವ ಗೋಂದು ವಯಸ್ಸಾದಂತೆ ಬಿಟ್ಟುಕೊಳ್ಳುತ್ತದೆ. ಆಗ ಚಿತ್ರದಲ್ಲಿ ಅಡ್ಡಗೆರೆಗಳು ಕಾಣಿಸುತ್ತವೆ, ಕೆಲವೊಮ್ಮೆ ಒಂದು ಕಣ್ಣಿನ ಚಿತ್ರವೇ ಮಾಯವಾಗುತ್ತದೆ. ಬಿಸಿ ಮಾಡಿ ಒತ್ತಿದರೆ ಸ್ವಲ್ಪ ಕಾಲ ನಡೆಯುತ್ತದೆ, ಬಾಳಿಕೆ ಬರುವುದು ಬೆಸುಗೆ ಹಾಕಿದರೆ ಮಾತ್ರ. ಹಾಗಾಗಿ ಕೊಳ್ಳುವ ಮುನ್ನ ಮಾರುವವರ ಮುಂದೆಯೇ ಯಂತ್ರ ಹಚ್ಚಿ, ಒಂದು ಕಣ್ಣು ಮುಚ್ಚಿ ಇನ್ನೊಂದರಲ್ಲಿ, ಬಳಿಕ ಅದಲುಬದಲಾಗಿ ನೋಡಿ. ಬೆಸುಗೆ ಹಾಕಿಸಿದ್ದು ಎಂದರೆ ನಾಲ್ಕು ಕಾಸು ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಕಾರ್ಟ್ರಿಜ್ ಜಪಾನಿನದೋ ಅಮೆರಿಕದ್ದೋ ಎಂದು ತಲೆಕೆಡಿಸಿಕೊಳ್ಳಬೇಡಿ, ಯಾವ ಯಂತ್ರದಲ್ಲಿಯಾದರೂ ನಡೆಯುತ್ತದೆ; ಅಗ್ಗದಲ್ಲಿ ಸಿಕ್ಕಿದ್ದನ್ನು ತೆಗೆದುಕೊಳ್ಳಿ.