ತೆನಾಲಿ, ಗ್ರೆಗ್, ತಿಮ್ಮ: ಮಕ್ಕಳನ್ನು ನಗಿಸಿದವರು ಯಾರು?

ಬಳ್ಳಾರಿಯ ಬೇಸಿಗೆಯಲ್ಲಿ ಬೆಳಿಗ್ಗೆ ಹನ್ನೊಂದಾದ ಮೇಲೆ ಮಕ್ಕಳನ್ನು ಹೊರಗೆ ಬಿಡುವಂತಿಲ್ಲ. ರಜೆಗೆ ಬಂದ ಅಕ್ಕನ ಮಕ್ಕಳು, ಪಕ್ಕದ ಮನೆಯವರು ಎಲ್ಲ ಸೇರಿ ಆರನೆಯ ತರಗತಿಯಿಂದ ಹತ್ತರವರೆಗಿನ ಒಂದು ದಂಡೇ ನಮ್ಮ ಮನೆಯಲ್ಲಿತ್ತು. ಅವರ ಕೈಯಿಂದ ಮೊಬೈಲ್ ಬಿಡಿಸಲು ಮೂರು ನಗೆ ಪುಸ್ತಕಗಳನ್ನು ಮುಂದಿಟ್ಟೆ: ತೆನಾಲಿ ರಾಮಕೃಷ್ಣನ ಕಥೆಗಳು, ಜೆಫ್ ಕಿನ್ನಿಯ ‘ಡೈರಿ ಆಫ್ ಎ ವಿಂಪಿ ಕಿಡ್’, ಬೀಚಿಯವರ ತಿಮ್ಮನ ನಗೆ ಚುಟುಕುಗಳು.

ತೆನಾಲಿ ನಮಗೆ ಹೊರಗಿನವನಲ್ಲ. ಹಂಪಿ ಹತ್ತಿರ, ಈ ಮಕ್ಕಳಲ್ಲಿ ಹಲವರ ಮನೆಮಾತು ತೆಲುಗು. ತೊಡಕೂ ಅದೇ. ಕಳ್ಳರು ರಾತ್ರಿಯಿಡೀ ಬಾವಿಯ ನೀರು ಸೇದಿ ತೋಟಕ್ಕೆ ಹಾಯಿಸುವ ಕಥೆಯನ್ನು ಅಜ್ಜಿಯರು ಎಂದೋ ಹೇಳಿ ಮುಗಿಸಿದ್ದಾರೆ. ಬೆಕ್ಕಿನ ಕಥೆಯಂತೂ ಕೈಕೊಟ್ಟಿತು. ಕುದಿಯುವ ಹಾಲಿಟ್ಟು ಬೆಕ್ಕಿನ ಬಾಯಿ ಸುಟ್ಟವನು ಜಾಣ ಹೇಗಾದಾನು ಎಂದು ಆರನೆಯ ತರಗತಿಯ ಹುಡುಗಿ ಜಗಳಕ್ಕೇ ನಿಂತಳು. ನನ್ನ ಬಳಿ ಉತ್ತರವಿರಲಿಲ್ಲ.

2007ರಲ್ಲಿ ಪುಸ್ತಕವಾಗಿ ಬಂದ ‘ವಿಂಪಿ ಕಿಡ್’, ಅಂದರೆ ಶಾಲಾ ಹುಡುಗ ಗ್ರೆಗ್‌ನ ದಿನಚರಿಗೆ ನೋಟವೇ ಬಲ: ಗೆರೆ ಎಳೆದ ಪುಟ, ಕೈಬರಹದಂಥ ಅಕ್ಷರ, ನಡುನಡುವೆ ಗೀಚುಚಿತ್ರ. ಪುಸ್ತಕ ಕಂಡರೆ ಓಡುವ ಹುಡುಗನೂ ಮೂಲೆ ಹಿಡಿದು ಕುಳಿತ. ಆಟದಂಗಳದಲ್ಲಿ ಬೂಷ್ಟು ಹಿಡಿದ ಚೀಸ್, ಅದನ್ನು ಮುಟ್ಟಿದವನು ಇನ್ನೊಬ್ಬನಿಗೆ ಆ ಮೈಲಿಗೆಯನ್ನು ದಾಟಿಸುವವರೆಗೆ ಎಲ್ಲರಿಗೂ ದೂರ! ಇದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ. ಅಮೆರಿಕದ ಮಕ್ಕಳು ವೇಷ ಹಾಕುವ ಹ್ಯಾಲೋವೀನ್ ಹಬ್ಬ ಬಂದಾಗ ಮಾತ್ರ ನನ್ನ ಮುಖ ನೋಡಿದರು. ಕನ್ನಡ ಶಾಲೆಯವರು ಚಿತ್ರ ನೋಡಿ ಪುಟ ತಿರುಗಿಸಿದರು, ಅಷ್ಟೇ.

ಬೀಚಿ 1913ರಲ್ಲಿ ಹುಟ್ಟಿದ್ದು ಹರಪನಹಳ್ಳಿಯಲ್ಲಿ, ಆಗ ಅದು ಬಳ್ಳಾರಿ ಜಿಲ್ಲೆ. ಊರಿನ ಅಭಿಮಾನದಿಂದ ಮಕ್ಕಳು ನಗುವುದಿಲ್ಲವಲ್ಲ! ಎಂಟನೆಯ ತರಗತಿಯವಳು ತಿಮ್ಮನನ್ನು ಮೌನವಾಗಿ ಓದಿ, ಮುಖ ಸಡಿಲಿಸದೆ ಪುಸ್ತಕ ಕೆಳಗಿಟ್ಟಳು. ಮರುದಿನ ಹತ್ತನೆಯ ತರಗತಿಯವನು ಅದನ್ನೇ ದನಿ ಬದಲಿಸಿ, ತಿಮ್ಮನ ಮಾತಿಗೆ ಮೊದಲು ಒಂದು ಗಳಿಗೆ ತಡೆದು ಓದಿದ. ಮನೆ ಹಾರಿಹೋಗುವಂಥ ನಗು. ಆ ಹಾಸ್ಯವೆಲ್ಲ ಎದುರುತ್ತರದಲ್ಲಿದೆ; ಕಣ್ಣಿಗಿಂತ ಕಿವಿಗೆ ಬೇಗ ತಲುಪುತ್ತದೆ. ಆಮೇಲೆ ಓದುವ ಸರದಿಗೇ ಕಿತ್ತಾಟ. ಚಿಕ್ಕವರಿಗೆ ಅರ್ಧ ಅರ್ಥವಾಗಲಿಲ್ಲ, ದೊಡ್ಡವರನ್ನು ನೋಡಿ ನಕ್ಕರು. ಕುಡುಕರ, ಗಂಡ-ಹೆಂಡಿರ ಚುಟುಕುಗಳು ಈ ವಯಸ್ಸಿಗೆ ಬೇಡವೆಂದು ನಾನು ದಾಟಿಸಿದ್ದೆ. ಹತ್ತನೆಯ ತರಗತಿಯವನು ಆಮೇಲೆ ಹುಡುಕಿ ಓದಿದ್ದು ಅವುಗಳನ್ನೇ.

ಹನ್ನೊಂದು-ಹನ್ನೆರಡರ ಮಗು ಒಂಟಿಯಾಗಿ ಓದುವುದಾದರೆ, ಇಂಗ್ಲಿಷ್ ಸಲೀಸಾಗಿದ್ದರೆ, ಗ್ರೆಗ್ ಸಾಕು. ಮನೆತುಂಬ ಮಕ್ಕಳಿದ್ದು ಒಂದೇ ಪುಸ್ತಕಕ್ಕೆ ದುಡ್ಡಿದ್ದರೆ ತಿಮ್ಮನನ್ನು ತನ್ನಿ. ಗಟ್ಟಿಯಾಗಿ ಓದಬಲ್ಲ ಒಬ್ಬರನ್ನು ಮೊದಲೇ ಗೊತ್ತು ಮಾಡಿಕೊಳ್ಳಿ. ತೆನಾಲಿಗೆ ದುಡ್ಡು ಹಾಕುವುದು ಬೇಡ, ಅಜ್ಜಿಯನ್ನು ಕೇಳಿದರಾಯಿತು.